ಮೊಮ್ಮಗನಿಗೊಂದು ತೋಟಾ

“ಮೊಮ್ಮಗನಿಗೆ ಒಂದು ತೋಟಾ ಆರಿಸುತ್ತಿದ್ದೇವೆ” ಎಂದು ಫೋನಿನಲ್ಲಿ ಹೇಳಿದಾಗ, ಮಡಿಕೇರಿಯಲ್ಲಿರುವ ನನ್ನ ತಂಗಿ “ಎಷ್ಟು ಎಕರೆಯದು? ಕಾಫಿಯೋ, ಏಲಕ್ಕಿಯೋ?” ಎಂದು ಕೇಳಿದಳು. ಕೊಡಗಿನವರ ಕಿವಿಗೆ ಅದು ಹಾಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ನಾನು ಹೇಳಿದ್ದು ಕೋವಿಗೆ ತುಂಬುವ ತೋಟಾ ಎಂದು ತಿಳಿದ ಮೇಲೆ ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ.

ನನ್ನ ಮಗಳು ಅಮೆರಿಕದ ಕೊಲರಾಡೋದಲ್ಲಿದ್ದಾಳೆ. ಅಳಿಯ ಆ ನಾಡಿನವನೇ. ಎಲೆ ಹಳದಿಯಾಗುವ ಕಾಲ ಬಂತೆಂದರೆ ಅವರ ಮನೆಯವರು ಜಿಂಕೆಯ ಬೇಟೆಗೆ ಹೊರಡುವುದು ನಮ್ಮವರು ಜಾತ್ರೆಗೆ ಹೊರಡುವಷ್ಟೇ ಸಹಜ. ನಮ್ಮಲ್ಲಿ 1972ರ ಕಾಯಿದೆ ಬಂದ ಮೇಲೆ ಬೇಟೆಯೆಂಬುದು ಮುದುಕರ ನೆನಪಿನ ಮಾತಾಗಿದೆ. ಅಲ್ಲಿ ಹಾಗಲ್ಲ. ಹನ್ನೆರಡು ತುಂಬಿದ ಹುಡುಗರು ಬೇಟೆಯ ಪಾಠ ಕಲಿತು, ಪರವಾನಗಿ ಪಡೆದು, ದೊಡ್ಡವರ ಜೊತೆಯಲ್ಲಿ ಹೋಗಬಹುದು. ಮೊಮ್ಮಗನಿಗೆ ಹದಿಮೂರು. ಪಾಠ ಮುಗಿಸಿದ್ದ. ಉಳಿದದ್ದು ರೈಫಲ್ಲು. ರೈಫಲ್ಲನ್ನು ಆರಿಸುವುದೆಂದರೆ ನಿಜವಾಗಿ ತೋಟಾವನ್ನು ಆರಿಸುವುದು; ಅದು ನಿಶ್ಚಯವಾದರೆ ಅದಕ್ಕೆ ತಕ್ಕ ನಳಿಗೆ ತಾನಾಗಿ ಬರುತ್ತದೆ.

ಊಟದ ಮೇಜಿನ ಸುತ್ತ ಸಭೆ ಸೇರಿತು. ಅಲ್ಲಿಯ ಬೆಟ್ಟದ ಬಯಲುಗಳು ವಿಶಾಲ. ಜಿಂಕೆ ಮುನ್ನೂರು ನಾನೂರು ಗಜದಾಚೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ದೂರಕ್ಕೆ ಹೊಡೆಯುವ ತೋಟಾ ಬೇಕು. ಅಳಿಯನ ಅಣ್ಣ .300 ವಿಂಚೆಸ್ಟರ್ ಮ್ಯಾಗ್ನಮ್ ಎಂದರು. “ಹುಡುಗ ಬೆಳೆಯುತ್ತಾನೆ, ದೊಡ್ಡದನ್ನೇ ಕೊಳ್ಳಿ” ಎಂಬುದು ಅವರ ವಾದ. ನಮ್ಮ ತಾಯಂದಿರು ಶಾಲೆಯ ಅಂಗಿ ಹೊಲಿಸುವಾಗ ಹೇಳುತ್ತಿದ್ದದ್ದೂ ಇದೇ ಮಾತು. ಆದರೆ ಅಂಗಿಯ ತೋಳನ್ನು ಮಡಿಸಿಕೊಳ್ಳಬಹುದು; ಕೋವಿಯ ಒದೆತವನ್ನು ಮಡಿಸಿಕೊಳ್ಳುವುದು ಹೇಗೆ?

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು. ಕಂಪನಿಗಳ ಪಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತೆ. 1955ರಲ್ಲಿ ಬಂದ .243 ವಿಂಚೆಸ್ಟರ್ ಬಹಳ ಸೌಮ್ಯ. ಜಿಂಕೆಗೆ ತಗಲುವಾಗ ಗುಂಡಿನಲ್ಲಿ 1000 ಅಡಿ-ಪೌಂಡಿನಷ್ಟಾದರೂ ಶಕ್ತಿ ಉಳಿದಿರಬೇಕೆಂದು ಅಲ್ಲಿಯ ಬೇಟೆಗಾರರ ರೂಢಿ; .243ರ ಗುಂಡು ಮುನ್ನೂರು ಗಜದ ಹೊತ್ತಿಗೆ ಆ ಗೆರೆಯ ಹತ್ತಿರಕ್ಕೆ ಇಳಿಯುತ್ತದೆ. 2007ರಲ್ಲಿ ಬಂದ 6.5 ಕ್ರೀಡ್‌ಮೋರ್‌ನ ಗುಂಡು ಉದ್ದ, ಸಪೂರ. ಗಾಳಿ ಅದನ್ನು ಕಡಿಮೆ ತಳ್ಳುತ್ತದೆ. ಐನೂರು ಗಜ ಕಳೆದರೂ ಆ ಶಕ್ತಿ ಉಳಿದಿರುತ್ತದೆ. ಅದರ ಒದೆತವೋ ಮ್ಯಾಗ್ನಮ್ಮಿನ ಅರ್ಧದಷ್ಟು.

ಕಾಗದದ ಮೇಲೆ ವ್ಯಾಜ್ಯ ಮುಗಿಯಲಿಲ್ಲ. ದೊಡ್ಡಪ್ಪ ಹುಡುಗನನ್ನು ಗುರಿಯ ಮೈದಾನಕ್ಕೆ ಕರೆದುಕೊಂಡು ಹೋಗಿ ತಮ್ಮ ಮ್ಯಾಗ್ನಮ್ಮನ್ನೇ ಕೈಗೆ ಕೊಟ್ಟರು. ಅವನು ಮೂರು ಸಲ ಹಾರಿಸಿದ, ಅಳಲಿಲ್ಲ, ನಕ್ಕ. ನಾಲ್ಕನೆಯ ಸಲ ಅಳಿಯ, ಹುಡುಗನಿಗೆ ತಿಳಿಯದಂತೆ, ತೋಟಾ ಹಾಕದೆಯೇ ರೈಫಲ್ಲನ್ನು ಕೊಟ್ಟ. ಕುದುರೆ ಎಳೆದಾಗ ‘ಟಿಕ್’ ಎಂದಿತಷ್ಟೆ. ಆದರೆ ನಳಿಗೆಯ ತುದಿ ಗಕ್ಕನೆ ಕೆಳಗೆ ಬಾಗಿತು. ಹುಡುಗನ ಕಣ್ಣು ಬಿಗಿಯಾಗಿ ಮುಚ್ಚಿತ್ತು.

ಆ ಮುಚ್ಚಿದ ಕಣ್ಣನ್ನು ನಾನು ಬಲ್ಲೆ. 1960ರಲ್ಲಿ ನನಗೂ ಹದಿಮೂರು. ನಮ್ಮ ತಂದೆ ತಮ್ಮ ಹನ್ನೆರಡು ಬೋರಿನ ಜೋಡುನಳಿಗೆ ಕೋವಿಯನ್ನು ನನ್ನ ಕೈಗಿತ್ತರು. ಮೊದಲ ಈಡಿಗೇ ಭುಜ ಕಪ್ಪುಗಟ್ಟಿತು, ತುಟಿ ಒಡೆಯಿತು. “ಅಭ್ಯಾಸವಾಗುತ್ತದೆ” ಎಂದರು. ಅಭ್ಯಾಸವಾದದ್ದು ಕಣ್ಣು ಮುಚ್ಚುವುದು. ಯಾರಿಗೂ ಹೇಳಲಿಲ್ಲ, ಹೇಳಿದರೆ ಹೇಡಿಯೆಂದಾರು ಎಂಬ ಹೆದರಿಕೆ. ಒಂದು ಸಂಜೆ ಗದ್ದೆಯಂಚಿಗೆ ಕಡವೆಯೊಂದು ಬಂದು ನಿಂತಿತು. ಮೂವತ್ತು ಗಜವೂ ಇರಲಾರದು. ಕಣ್ಣು ಮುಚ್ಚಿ ಕುದುರೆ ಎಳೆದೆ. ಗುಂಡು ಹೊಟ್ಟೆಗೆ ತಗಲಿತು. ರಕ್ತದ ಹನಿ ಹಿಡಿದು ಹೊಳೆಯವರೆಗೆ ಹೋದೆವು, ಮರುದಿನವೂ ಹುಡುಕಿದೆವು, ಸಿಗಲಿಲ್ಲ. ತಂದೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ರಾತ್ರಿ ನಾನು ಅತ್ತದ್ದನ್ನು ಬಲ್ಲವಳು ತಂಗಿಯೊಬ್ಬಳೇ.

ಇದನ್ನು ಅರವತ್ತು ವರ್ಷಗಳಿಗೂ ಮೀರಿ ಯಾರಿಗೂ ಹೇಳಿರಲಿಲ್ಲ. ಆ ಮೈದಾನದಲ್ಲಿ ಮೊಮ್ಮಗನಿಗೆ ಹೇಳಿದೆ. ದೊಡ್ಡಪ್ಪ ತಮ್ಮ ರೈಫಲ್ಲನ್ನು ಒರೆಸಿ ಚೀಲಕ್ಕೆ ಹಾಕಿದರು. ಮತ್ತೆ ಮ್ಯಾಗ್ನಮ್ಮಿನ ಹೆಸರೆತ್ತಲಿಲ್ಲ. ಒದೆತ ಕಡಿಮೆಯಿರಲಿ ಎನ್ನುವುದು ಹುಡುಗನ ಭುಜದ ಮೇಲಿನ ಕರುಣೆಯೆಂದೇ ಎಲ್ಲರೂ ತಿಳಿಯುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅದು ಜಿಂಕೆಯ ಮೇಲಿನ ಕರುಣೆ.

6.5 ಕ್ರೀಡ್‌ಮೋರ್ ಎಂದು ತೀರ್ಮಾನವಾಯಿತು. ಆದರೆ ನನ್ನ ಲೆಕ್ಕ ಇನ್ನೊಂದನ್ನೂ ಹೇಳುತ್ತಿತ್ತು. ಇನ್ನೂರು ಗಜಕ್ಕೆ ಗುರಿ ಹೊಂದಿಸಿದ ರೈಫಲ್ಲಿನ ಗುಂಡು ನಾನೂರು ಗಜದಲ್ಲಿ ಸುಮಾರು 22 ಅಂಗುಲ ಕೆಳಗಿರುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಅದನ್ನು ಸುಮಾರು 9 ಅಂಗುಲ ಸರಿಸುತ್ತದೆ. ಅಲ್ಲಿಗೆ ಮುಟ್ಟಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟೀತು. ಹೃದಯ, ಶ್ವಾಸಕೋಶಗಳಿರುವ ಜಾಗವೋ ಒಂದು ಊಟದ ತಟ್ಟೆಯಷ್ಟು. ತೋಟಾಕ್ಕೆ ಶಕ್ತಿಯಿದ್ದರೆ ಸಾಲದು, ಹೊಡೆಯುವವನಿಗೂ ಇರಬೇಕು. ಮುನ್ನೂರು ಗಜದಾಚೆ ಹೊಡೆಯಕೂಡದೆಂದು ಅಳಿಯ ಗೆರೆ ಎಳೆದ.

ನವೆಂಬರಿನ ಒಂದು ಸಂಜೆ ತಂದೆ ಮಗ ಬರಿಗೈಯಲ್ಲಿ ಬಂದರು. ಕಿತ್ತಳೆ ಬಣ್ಣದ ಅಂಗಿಯನ್ನು ಕಳಚುತ್ತ ಹುಡುಗ ಹೇಳಿದ: “ತಾತ, ಒಂದು ದೊಡ್ಡ ಗಂಡು ಜಿಂಕೆ ಅಡ್ಡವಾಗಿ ನಿಂತಿತ್ತು. ದೂರ ಅಳೆದರೆ 412 ಗಜ. ಬಿಟ್ಟುಬಿಟ್ಟೆ.” ಹಾರಿಸದೆ ಉಳಿದ ತೋಟಾಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಯಲ್ಲಿಟ್ಟ.

ರಾತ್ರಿ ತಂಗಿಗೆ ಫೋನು ಮಾಡಿದೆ.

“ಸಿಕ್ಕಿತೇನೋ, ಅಣ್ಣ?”

“ಇಲ್ಲ. ದೂರವಿತ್ತಂತೆ, ಹೊಡೆಯಲಿಲ್ಲ.”

“ಒಳ್ಳೆಯದಾಯಿತು” ಎಂದಳು.