ಗೋಡೆ, ಗೋಡೆಯ ಪಕ್ಕ ನಿಂತವಳು

ವಿಶ್ವವಿದ್ಯಾಲಯಗಳಲ್ಲಿ ‘ಬರೀ ದಾಖಲಾತಿ’ ಅನ್ನುವುದು ಹೆಚ್ಚುಕಡಿಮೆ ಬೈಗುಳವೇ. ಪಿಎಚ್‌ಡಿ ಮಾಡುತ್ತಿರುವ ಯಾರನ್ನಾದರೂ ಕೇಳಿ, ಒಮ್ಮೆಯಾದರೂ ಈ ಮಾತು ಕೇಳಿಸಿಕೊಂಡಿರುತ್ತಾರೆ. ‘ಎಲ್ಲ ಸರಿಯಮ್ಮ, ಊರೂರು ಸುತ್ತಿದೀಯ, ಫೋಟೋ ತೆಗೆದಿದೀಯ. ಆದರೆ ಇದು ಬರೀ ದಾಖಲಾತಿ ಆಯ್ತಲ್ಲ, ವಾದ ಎಲ್ಲಿದೆ?’ ಎಂದು ನನಗೂ ಹೇಳಿದ್ದಾರೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ನನ್ನ ವಿಷಯ. ಆ ಪ್ರಶ್ನೆಗೆ ಉತ್ತರ ಯಾವುದಾದರೂ ಸಿದ್ಧಾಂತದ ಪುಸ್ತಕದಲ್ಲಿ ಇದ್ದೀತು ಎಂದು ಹುಡುಕುತ್ತಿದ್ದೆ. ಸಿಕ್ಕಿದ್ದು ಬರೋಡಾದ ಒಬ್ಬ ಮೇಷ್ಟರ ಬದುಕಿನಲ್ಲಿ.

ಜ್ಯೋತಿ ಭಟ್ ಹುಟ್ಟಿದ್ದು 1934ರಲ್ಲಿ, ಗುಜರಾತಿನ ಭಾವನಗರದಲ್ಲಿ. ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಲಲಿತಕಲಾ ವಿಭಾಗ ಇನ್ನೂ ಹೊಸದಾಗಿದ್ದಾಗ ಅಲ್ಲಿಗೆ ಸೇರಿ ಎನ್.ಎಸ್. ಬೇಂದ್ರೆ, ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಚಿತ್ರಕಲೆ ಕಲಿತರು. (ಈ ಬೇಂದ್ರೆ ಇಂದೋರಿನವರು, ನಮ್ಮ ಧಾರವಾಡದ ಅಜ್ಜ ಅಲ್ಲ.) ಬನಸ್ಥಳಿಯಲ್ಲಿ ಭಿತ್ತಿಚಿತ್ರ, 1960ರ ದಶಕದ ಮೊದಲ ವರ್ಷಗಳಲ್ಲಿ ಇಟಲಿಯ ನೇಪಲ್ಸ್, ಆಮೇಲೆ ನ್ಯೂಯಾರ್ಕಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್. ಲೋಹದ ಹಾಳೆಯಲ್ಲಿ ಗೆರೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆಯುವ ಮುದ್ರಣಕಲೆಯಲ್ಲಿ ಅವರು ಹೆಸರು ಮಾಡಿದರು. ಕಲಿತ ಜಾಗದಲ್ಲೇ ದಶಕಗಳ ಕಾಲ ಮೇಷ್ಟರಾಗಿದ್ದರು. ಇಷ್ಟಕ್ಕೇ ನಿಂತಿದ್ದರೂ ಕಲಾ ಇತಿಹಾಸದಲ್ಲಿ ಅವರಿಗೊಂದು ಪುಟ ಖಾಯಂ ಇತ್ತು.

1967ರ ಸುಮಾರಿಗೆ ಗುಜರಾತಿನ ಜನಪದ ಕಲೆಯ ಬಗ್ಗೆ ನಡೆಯಲಿದ್ದ ವಿಚಾರ ಸಂಕಿರಣವೊಂದಕ್ಕೆ ಫೋಟೋ ತೆಗೆದುಕೊಡಬೇಕಾಗಿ ಬಂತು. ಹಳ್ಳಿಗಳಿಗೆ ಹೋದರು. ಕೆಲಸ ಮುಗಿಸಿ ಕ್ಯಾಮೆರಾ ಒಳಗಿಡಬಹುದಿತ್ತು, ಇಡಲಿಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಇನ್ನೂ ಎಲ್ಲೆಲ್ಲೋ ತಿರುಗಿದರು. ಶಿಲ್ಪಿ ಗೆಳೆಯ ರಾಘವ ಕನೇರಿಯಾ ಜೊತೆಗಿರುತ್ತಿದ್ದರು. ಹೆಂಡತಿ, ಮಣ್ಣಿನ ಕಲಾವಿದೆ ಜ್ಯೋತ್ಸ್ನಾ ಭಟ್ ಇರುತ್ತಿದ್ದರು. ರಂಗೋಲಿ, ಮೀಣಾ ಹೆಂಗಸರು ಬರೆಯುವ ಮಾಂಡಣಾ, ಗೋಡೆಯ ಮೇಲಿನ ಮಣ್ಣಿನ ಉಬ್ಬುಚಿತ್ರ, ಮೈಮೇಲಿನ ಹಚ್ಚೆ ಎಲ್ಲವೂ ಬಹುಪಾಲು ಕಪ್ಪುಬಿಳುಪಿನಲ್ಲಿ. ಫಿಲಂ ಕಾಲ ಅದು, ರೋಲಿಗೆ ಮೂವತ್ತಾರೇ ಚಿತ್ರ. ನನ್ನ ಮೊಬೈಲಿನಲ್ಲಿ ಒಂದೇ ಗೋಡೆಯದು ಇನ್ನೂರು ಇವೆ.

ನಾನು ಅವರ ಫೋಟೋಗಳನ್ನು ಮೊದಲು ನೋಡಿದ್ದು ಹಾಸ್ಟೆಲಿನಲ್ಲಿ ಕೂತು, ಏಷ್ಯಾ ಆರ್ಟ್ ಆರ್ಕೈವ್ ಡಿಜಿಟಲ್ ಮಾಡಿಟ್ಟಿರುವ ಸಂಗ್ರಹದಲ್ಲಿ. ಅಚ್ಚು ಹಾಕಿದ ಪ್ರತಿಗಳನ್ನು ನೋಡಿದ್ದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ, ಅಂದರೆ ‘ಮ್ಯಾಪ್’ನಲ್ಲಿ. 2023ರ ಫೆಬ್ರವರಿಯಲ್ಲಿ ಅದು ಬಾಗಿಲು ತೆರೆದಾಗಿನ ಮೊದಲ ಪ್ರದರ್ಶನಗಳಲ್ಲಿ ಅವರದೂ ಒಂದು. ಮೊದಲ ನೋಟಕ್ಕೆ ನಿರಾಸೆಯೇ ಆಯಿತು ಅನ್ನಬೇಕು. ನಾಟಕೀಯ ನೆರಳಿಲ್ಲ, ಕಣ್ಣೀರಿಲ್ಲ, ಸೂರ್ಯಾಸ್ತವಿಲ್ಲ. ಒಂದು ಗೋಡೆ, ಅದರ ಮೇಲೊಂದು ಚಿತ್ರ, ಪಕ್ಕದಲ್ಲಿ ಒಬ್ಬ ಹೆಂಗಸು, ನೆಟ್ಟಗೆ ಎದುರಿನಿಂದ ತೆಗೆದದ್ದು.

ನೋಡ್ತಾ ನೋಡ್ತಾ ಆ ಹೆಂಗಸು ಅಲ್ಲಿ ಯಾಕೆ ಬೇಕು ಅನ್ನುವುದು ಹೊಳೆಯಿತು. ಅವಳನ್ನು ತೆಗೆದುಬಿಡಿ, ಉಳಿಯುವುದು ಒಂದು ವಿನ್ಯಾಸ. ಅದನ್ನು ಸೀರೆಯ ಅಂಚಿಗೂ ಹಾಕಬಹುದು, ಮದುವೆ ಕಾಗದಕ್ಕೂ ಹಾಕಬಹುದು, ಹಾಕುತ್ತಿದ್ದಾರೆ ಕೂಡ. ಅವಳು ಪಕ್ಕದಲ್ಲಿ ನಿಂತ ಕೂಡಲೇ ಚಿತ್ರಕ್ಕೆ ಅಳತೆ ಬರುತ್ತದೆ. ಈ ನವಿಲು ಎಷ್ಟೆತ್ತರ ಇದೆ? ಅವಳ ಕೈ ನಿಲುಕುವಷ್ಟು. ಅಲ್ಲಿಂದ ಮೇಲೆ ಗೋಡೆ ಯಾಕೆ ಖಾಲಿ? ಅಲ್ಲಿಗೆ ಕೈ ಎಟುಕುವುದಿಲ್ಲ. ಬಾಗಿಲು, ಒಲೆ, ಕಾಳು ತುಂಬುವ ಕಣಜ ಎಲ್ಲವೂ ಚೌಕಟ್ಟಿನೊಳಗೇ ಇವೆ. ತರಗತಿಯಲ್ಲಿ ಹುಡುಗರು ಕೇಳಬಹುದಾದ ಎಷ್ಟು ದೊಡ್ಡದು, ಎಲ್ಲಿ, ಯಾತರಿಂದ, ಯಾರು ಎಂಬ ಪ್ರಶ್ನೆಗಳಿಗೆಲ್ಲ ಮೊದಲೇ ಜವಾಬು ಬರೆದಿಟ್ಟ ಹಾಗೆ. ಪಾಠ ಮಾಡಿ ಮಾಡಿ ಪಳಗಿದವರ ಕಣ್ಣು ಅದು.

ಮೇಷ್ಟರ ಇದೇ ಬುದ್ಧಿ ತಮ್ಮ ವಿಭಾಗದ ಮೇಲೂ ಹರಿದಿತ್ತು. ಸುಬ್ರಮಣ್ಯನ್ ಕೆಲಸ ಮಾಡುವಾಗ, ಭೂಪೇನ್ ಖಖ್ಖರ್ ತಮಾಷೆ ಮಾಡುವಾಗ, ಕಲಾಮೇಳದಲ್ಲಿ ಹುಡುಗರು ವೇಷ ಹಾಕಿದಾಗ, ಎಲ್ಲ ಕಡೆಗೂ ಇವರ ಕ್ಯಾಮೆರಾ. ಇವತ್ತು ಬರೋಡಾ ಪಂಥದ ಬಗ್ಗೆ ಬರೆಯುವವರು ಆ ಫೋಟೋಗಳಿಲ್ಲದೆ ಒಂದು ಅಧ್ಯಾಯ ಮುಗಿಸುವುದು ಕಷ್ಟ. ಆಗ ಅದೂ ಬರೀ ದಾಖಲಾತಿಯೇ ಆಗಿತ್ತಲ್ಲ! ಹಳ್ಳಿಯಲ್ಲಿ ಕಂಡ ಹಚ್ಚೆ, ರಂಗೋಲಿಯ ಎಳೆಗಳು ಅವರ ಮುದ್ರಣಚಿತ್ರಗಳಿಗೆ ತಿರುಗಿ ಬಂದವು. ಹಾಗಾಗಿ ಅವರ ಕಲೆ ಎಲ್ಲಿ ಮುಗಿದು ದಾಖಲೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ನನ್ನಿಂದಂತೂ ಆಗಿಲ್ಲ. 2019ರಲ್ಲಿ ಪದ್ಮಶ್ರೀ ಬಂತು.

ಆದರೂ ಒಂದು ತಕರಾರು ನನ್ನದಿದೆ. ಹಲವು ಫೋಟೋಗಳ ಕೆಳಗೆ ರಾಜ್ಯ ಇದೆ, ವರ್ಷ ಇದೆ, ಜಾತಿಯೂ ಇದೆ. ಚಿತ್ರ ಬರೆದವಳ ಹೆಸರಿಲ್ಲ. ಆ ಕಾಲದ ರೂಢಿಯೇ ಹಾಗಿತ್ತು, ಸರಿ. ಮುಖವನ್ನಾದರೂ ಬಿಡದೆ ಉಳಿಸಿದರಲ್ಲ ಅನ್ನುವುದೂ ಸರಿ. ಆದರೆ ಫೋಟೋ ತೆಗೆದವರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದ ಗೋಡೆಯ ಮುಂದೆ ನಿಂತಾಗ, ಆ ಹೆಂಗಸಿನ ಊರಿಗೆ ಹೋಗಿ ಕೇಳಿದರೆ ಈಗಲೂ ಯಾರಾದರೂ ಗುರುತು ಹಿಡಿದಾರು ಅನ್ನಿಸುತ್ತಿತ್ತು.

ಹಸೆ ಚಿತ್ತಾರಕ್ಕೆ ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ. ಅಕ್ಕಿ ನೆನೆಸಿ ಅರೆದರೆ ಬಿಳಿ, ಕಪ್ಪಗೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರೇ ಕುಂಚ. ಮದುವೆ ಹೆಣ್ಣುಗಂಡು ಕೂರುವುದು ಇದರ ಮುಂದೆ. ಸಾಗರದ ಹತ್ತಿರದ ಒಂದು ಊರಿನಲ್ಲಿ ಎಪ್ಪತ್ತು ದಾಟಿದ ಒಬ್ಬರು ನನಗೆ ಇದನ್ನೆಲ್ಲ ಹೇಳಿಕೊಟ್ಟರು. (ಅವರ ಹೆಸರು ನನ್ನ ಪ್ರಬಂಧದಲ್ಲಿದೆ. ಅವರು ಒಪ್ಪಿಗೆ ಕೊಟ್ಟಿದ್ದು ಅದಕ್ಕೆ ಮಾತ್ರ, ಹಾಗಾಗಿ ಇಲ್ಲಿ ಬರೆಯುತ್ತಿಲ್ಲ.) ಮೊದಲ ಸಲ ಹೋದಾಗ, ಹಿಂದಿನ ಮದುವೆಯ ಚಿತ್ತಾರ ಎಲ್ಲಿ ಅಮ್ಮಾ ಎಂದು ಕೇಳಿದ್ದೆ. ‘ಮದ್ವೆ ಮುಗೀತು, ಮಳೆಗಾಲ ಬಂತು, ಹೋತು. ಮತ್ತೆ ಬರೆದ್ರಾತು’ ಅಂದರು. ಉಳಿಸಿಕೊಳ್ಳುವ ಆತಂಕವೆಲ್ಲ ನನ್ನದೇ.

ಆಮೇಲೊಮ್ಮೆ ಅವರ ಮನೆಯಲ್ಲಿ ಹೊಸ ಚಿತ್ತಾರ ಮುಗಿದಾಗ ನಾನು ಮೊಬೈಲ್ ಎತ್ತಿದೆ. ಅವರು ಕೈ ಒರೆಸಿಕೊಳ್ಳುತ್ತ, ‘ನಾನೂ ನಿಂತ್ಕಳ್ಲಾ ತಂಗಿ?’ ಎಂದರು. ಕೇಳಿದ್ದಷ್ಟೇ, ನಾನು ಬಾಯಿ ತೆರೆಯುವ ಮೊದಲೇ ಸೆರಗು ಸರಿಮಾಡಿಕೊಂಡು ಗೋಡೆಯ ಎಡಕ್ಕೆ ನಿಂತಿದ್ದರು. ಬರೋಡಾದ ಮೇಷ್ಟರು ನಿಲ್ಲಿಸುತ್ತಿದ್ದಂಥದೇ ಜಾಗ. ನೆಟ್ಟಗೆ ಎದುರಿನಿಂದ ತೆಗೆದೆ.

ಮುಂದಿನ ಸಲ ಹೋಗುವಾಗ ಸಾಗರದ ಸ್ಟುಡಿಯೋದಲ್ಲಿ ದೊಡ್ಡ ಪ್ರಿಂಟ್ ಹಾಕಿಸಿಕೊಂಡು ಹೋದೆ. ಗೋಡೆಯ ಮೇಲಿನ ಚಿತ್ತಾರ ಆಗಲೇ ಅರ್ಧ ಮಾಸಿತ್ತು. ಅವರು ಬೆಳಕಿಗೆ ಹಿಡಿದು ನೋಡಿದರು. ತಮ್ಮ ಮುಖದ ಕಡೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಬಲಗಡೆಯ ಮೂಲೆಯಲ್ಲಿ ಬೆರಳಿಟ್ಟು, ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೂಗಿದರು.

‘ಬಾರೇ ಇಲ್ಲಿ, ನೋಡು. ಈ ಎಳೆ ಸೊಟ್ಟ ಹೋಗೈತೆ. ನೀ ಬರೆಯುವಾಗ ಹಿಂಗೆ ಮಾಡ್ಬೇಡ.’

ಸೊಸೆ ಕೈ ತೊಳೆದುಕೊಂಡು ಬಂದು, ಫೋಟೋ ಇಸಕೊಂಡು, ಜಗುಲಿಯಲ್ಲಿ ಕೂತಳು.