ಬೆರಳುದ್ದದ ಕೀಲಿಕೈ

ಇಳಕಲ್ಲಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಭಜನೆ ಪುಸ್ತಕ ಎಂದು ದಿನವೂ ಕೆಲಸ. ನನ್ನ ಹಳೆಯ ಕನ್ನಡ ತಂತ್ರಾಂಶಕ್ಕೆ ಬೆರಳುದ್ದದ ಒಂದು ಕೀಲಿಕೈ ಇದೆ. ನೋಡಲು ಪೆನ್‌ಡ್ರೈವ್ ಥರ, ಆದರೆ ಅದರಲ್ಲಿ ಫೋಟೊ ಇಡಲಾಗದು. ಅದನ್ನು ‘ಡಾಂಗಲ್’ ಎನ್ನುತ್ತೇವೆ. ತಂತ್ರಾಂಶ ತೆರೆದಾಗ ಅದು ಡಾಂಗಲ್ಲಿಗೆ ಗುಟ್ಟಾಗಿ ಒಂದು ಪ್ರಶ್ನೆ ಕೇಳುತ್ತದೆ. ಒಳಗಿನ ಚಿಪ್ ಸರಿಯುತ್ತರ ಕೊಟ್ಟರೆ ಮಾತ್ರ ಕೆಲಸ ಶುರು. ಒಬ್ಬರು ಕೊಂಡದ್ದನ್ನು ಹತ್ತು ಮಂದಿ ಪುಕ್ಕಟೆ ನಕಲು ಮಾಡಬಾರದೆಂದು ಈ ಕಾವಲು.

ಬಾದಾಮಿಯ ಬನಶಂಕರಿ ಜಾತ್ರೆ ಹತ್ತಿರ ಬಂದಿತ್ತು. ಹುನಗುಂದದ ಕಡೆಯ ನೇಕಾರ ಅಜ್ಜರೊಬ್ಬರು ಮೊಮ್ಮಗಳ ಜೊತೆ ಅಂಗಡಿಗೆ ಬಂದರು. ಅವರು ಕಟ್ಟಿದ ದೇವಿಯ ಹಾಡುಗಳನ್ನು ಎಷ್ಟೋ ವರ್ಷದ ಹಿಂದೆ ನಾನೇ ಟೈಪ್ ಮಾಡಿದ್ದೆ. ಜಾತ್ರೆಯಲ್ಲಿ ಹಾಡಲು ಈಗ ಅವು ಬೇಕಿದ್ದವು.

“ತಮ್ಮಾ, ಬರದಿಟ್ಟ ವಹಿ ಗೆದ್ದಲ ತಿಂದಾವ. ಇನ್ನ ಇರೂದು ನಿನ್ನ ಕಂಪ್ಯೂಟರಿನ್ಯಾಗ ಅಷ್ಟ,” ಎಂದರು.

ತೆರೆಯಲು ಹೋದರೆ ಪರದೆಯ ಮೇಲೆ ಒಂದೇ ಮಾತು: ಕೀ ಸಿಗಲಿಲ್ಲ. ಡಾಂಗಲ್ ಕಣ್ಣೆದುರಿಗೇ ಇದೆ! ಅಜ್ಜನ ಮುಖ ಸಣ್ಣದಾಯಿತು. ಆದರೂ ಅವರೇ ದಾರಿ ಹೇಳಿದರು: “ಮಗ್ಗದಾಗ ಎಳಿ ಹರದರ ಎಲ್ಲಾ ಎಳಿ ಜಗ್ಗಬಾರದು. ಒಂದೊಂದ ನೋಡ್ಕೋತ ಹೋಗಬೇಕು.”

ಹಾಗೇ ಮಾಡಿದೆ. ಡಾಂಗಲ್ಲಿನ ಪುಟ್ಟ ದೀಪ ಉರಿಯುತ್ತಿರಲಿಲ್ಲ. ಅದನ್ನು ಯುಎಸ್‌ಬಿ ಹಬ್ಬಿನಿಂದ ತೆಗೆದು ಕಂಪ್ಯೂಟರಿನ ಹಿಂಬದಿಗೆ ನೇರವಾಗಿ ಸಿಕ್ಕಿಸಿದೆ. ಆದರೂ ದೀಪವಿಲ್ಲ. ಕೆಲವು ಡಾಂಗಲ್‌ಗಳಿಗೆ ಅವಧಿ ಇರುತ್ತದೆ, ತಾರೀಖು ತಪ್ಪಿದ್ದರೆ ಅವು ಒಪ್ಪವು. ತಾರೀಖು ಸರಿಯಿತ್ತು. ಕೊನೆಗೆ ಡಿವೈಸ್ ಮ್ಯಾನೇಜರ್ ತೆರೆದೆ. ಅಲ್ಲೊಂದು ಹಳದಿ ಗುರುತು! ಅಂದರೆ ಯಾರೋ ಬಂದಿದ್ದಾರೆ ಎಂದು ಕಂಪ್ಯೂಟರಿಗೆ ಗೊತ್ತು, ಮಾತು ಮಾತ್ರ ತಿಳಿಯುತ್ತಿಲ್ಲ. ಇಬ್ಬರ ನಡುವಿನ ದುಭಾಷಿಯೇ ‘ಡ್ರೈವರ್’. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿತ್ತು, ದುಭಾಷಿ ಹಳಬನೇ ಉಳಿದಿದ್ದ.

ಡಾಂಗಲ್ ತೆಗೆದಿಟ್ಟು, ಅದನ್ನು ತಯಾರಿಸಿದವರೇ ಕೊಡುವ ಹೊಸ ಡ್ರೈವರ್ ಹಾಕಿದೆ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ ಡಾಂಗಲ್ ಸಿಕ್ಕಿಸಿದೆ. ದೀಪ ಹತ್ತಿತು. “ಅಜ್ಜಾ, ಹಾಡು ಬಂದ್ವು!” ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

ಅಷ್ಟಕ್ಕೇ ಬಿಡಲಿಲ್ಲ. ಕೀಲಿ ತಂತ್ರಾಂಶದವರದು, ಹಾಡು ಅಜ್ಜನದು. ನಾಳೆ ಡಾಂಗಲ್ ಮುರಿದರೆ? ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇದ್ದಂತೆ. ಬೇರೆ ಕಡೆ ತೆರೆದರೆ ಬರೀ ಗೋಜಲು. ಯೂನಿಕೋಡ್ 1991ರಲ್ಲೇ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಕೊಟ್ಟಿದೆ. ಹಾಡುಗಳನ್ನೆಲ್ಲ ಯೂನಿಕೋಡಿಗೆ ಬದಲಿಸಿ, ತಪ್ಪು ತಿದ್ದಿ, ಹುಡುಗಿಯ ಮನೆಯ ಫೋನಿಗೆ ಕಳಿಸಿದೆ. ಅಜ್ಜನ ಕೈಗೆ ಎರಡು ಮುದ್ರಿತ ಪ್ರತಿ ಕೊಟ್ಟೆ.

ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿಯ ಬರಹವೂ ಯಾವುದೋ ಅಂಗಡಿಯ ಹಳೆಯ ಫೈಲಿನಲ್ಲಿ ಮಲಗಿರಬಹುದು. ಅಲ್ಲಿನ ಕೀಲಿಕೈಯ ದೀಪ ಉರಿಯುತ್ತಿರುವಾಗಲೇ ಹೋಗಿ ಒಂದು ಪ್ರತಿ ಇಸಿದುಕೊಳ್ಳಿ.