ನಡುಕದೊಳಗಿನ ಟಿಕ್ ಟಿಕ್

ಸಂಸಾರ ಮಾಡಿದ ಹೆಂಗಸರ ಕಿವಿ ಬಲು ಚುರುಕು. ಕುಕ್ಕರು ಎಷ್ಟು ಸಲ ಕೂಗಿತು, ಮಿಕ್ಸಿಯ ದನಿ ಯಾಕೆ ಬದಲಾಯಿತು, ತೊಟ್ಟಿಕ್ಕುತ್ತಿರುವುದು ಬಚ್ಚಲಿನ ನಲ್ಲಿಯೋ ಅಡುಗೆಮನೆಯದೋ, ಎಲ್ಲವನ್ನೂ ಮಲಗಿದಲ್ಲಿಂದಲೇ ಹೇಳಿಬಿಡುತ್ತೇವೆ. ಈ ವಿದ್ಯೆ ಗಿಟಾರಿನ ಹಳೆಯ ಆಂಪ್ಲಿಫೈಯರಿಗೂ ಒದಗುತ್ತದೆಂದು ನನಗೆ ತಿಳಿದದ್ದು 2022ರಲ್ಲಿ, ಮಗಳ ಬಾಣಂತನಕ್ಕೆಂದು ಅಮೆರಿಕದ ಒಹಾಯೋಗೆ ಹೋಗಿದ್ದಾಗ.

ಅಳಿಯ ಅಲ್ಲಿಯವನೇ. ಮಗಳು ಕಲಿಸಿದಂತೆ ನನ್ನನ್ನು ‘ಅಮ್ಮ’ ಎನ್ನುತ್ತಾನೆ. ಆಮೇಲೆ ಏನು ಮಾತಾಡಬೇಕೆಂದು ಅವನಿಗೂ ತಿಳಿಯದು, ನನಗೂ ತಿಳಿಯದು. ಕಾಫಿ ಬೇಕೇ, ಚಳಿಯಾಯಿತೇ ಎನ್ನುವಲ್ಲಿಗೆ ನಮ್ಮ ಸಂಭಾಷಣೆ ಮುಗಿಯುತ್ತಿತ್ತು.

ಅವನ ತಂದೆ ಮದುವೆಮನೆಗಳಲ್ಲಿ, ಕುಣಿತದ ಕೂಟಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗನಿಗೆ ಉಳಿದದ್ದು 1965ರ ಒಂದು ವಾಲ್ವ್ ಆಂಪ್ಲಿಫೈಯರ್. ನಮ್ಮ ಹಳೆಯ ರೇಡಿಯೋಗಳ ಹಾಗೆ, ಹಚ್ಚಿ ಅರ್ಧ ನಿಮಿಷ ಕಾದ ಮೇಲೆ ಬಾಯಿ ಬಿಡುವಂಥದು. ಅದರಲ್ಲಿ ‘ಟ್ರೆಮೊಲೊ’ ಎಂಬುದೊಂದಿದೆ. ಹಾಕಿದರೆ ಗಿಟಾರಿನ ದನಿ ಗಾಳಿಗೆ ಸಿಕ್ಕ ದೀಪದಂತೆ ಏರಿಳಿಯುತ್ತದೆ. ಫೆಂಡರ್ ಕಂಪನಿ 1955ರಲ್ಲಿ ‘ಟ್ರೆಮೊಲಕ್ಸ್’ ಎಂಬ ಆಂಪ್ಲಿಫೈಯರನ್ನೇ ಹೊರತಂದಿತ್ತು. ಅದೇ ವರ್ಷ ಬೋ ಡಿಡ್ಲಿ ಎಂಬ ಗಾಯಕ ತನ್ನ ಹೆಸರನ್ನೇ ಇಟ್ಟು ಹಾಡಿದ ಹಾಡಿಗೆ ಆ ನಡುಕವೇ ಜೀವ.

ಆದರೆ ಅಳಿಯನ ಪೆಟ್ಟಿಗೆಯಲ್ಲಿ ನಡುಕದ ಜೊತೆಗೆ ಗೋಡೆ ಗಡಿಯಾರದಂತೆ ‘ಟಿಕ್ ಟಿಕ್’ ಸದ್ದು. ಅದನ್ನು ಸಹಿಸಲಾಗದೆ ನುಡಿಸುವುದನ್ನೇ ಬಿಟ್ಟಿದ್ದ. ಒಂದು ಅಂಗಡಿಯವರು ಒಳಗಿನದನ್ನೆಲ್ಲ ಕಿತ್ತು ಹೊಸದು ಹಾಕಬೇಕು ಎಂದಿದ್ದರಂತೆ. “ಆಮೇಲೆ ಅಪ್ಪನ ದನಿ ಎಲ್ಲಿ ಉಳಿಯುತ್ತೆ?” ಎಂಬುದು ಅವನ ಕೊರಗು. ಮಾರಿಬಿಡುವ ಮಾತೂ ಬಂದಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ? ವೀಣೆ ಶ್ರುತಿ ಮಾಡಿ ಪಳಗಿದ ಕಿವಿ ನನ್ನದು. “ಮೊದಲು ಸದ್ದು ಎಲ್ಲಿಂದ ಬರುತ್ತೆ, ಕೇಳೋಣ” ಎಂದೆ.

ಗಿಟಾರಿನ ಕೇಬಲ್ ಕಿತ್ತೆವು, ಟಿಕ್ ನಿಲ್ಲಲಿಲ್ಲ. ಅಲ್ಲಿಗೆ ಗಿಟಾರ್ ನಿರಪರಾಧಿ. ಟ್ರೆಮೊಲೊದ ವೇಗದ ಗುಂಡಿ ತಿರುಗಿಸಿದರೆ ಟಿಕ್ಕಿಗೂ ಅವಸರ ಹತ್ತಿತು. ಕಳ್ಳ ಆ ಕಡೆಯವನೇ. ನಡುಕದ ಪ್ರಮಾಣದ ಗುಂಡಿಯನ್ನು ಸೊನ್ನೆಗೆ ತಂದಾಗ ನಡುಕ ಹೋಯಿತು, ಟಿಕ್ ಹೋಗಲಿಲ್ಲ. ಕಾಲಿನ ಸ್ವಿಚ್ಚಿನಿಂದ ಟ್ರೆಮೊಲೊವನ್ನೇ ಆರಿಸಿದಾಗ ಮಾತ್ರ ನಿಶ್ಶಬ್ದ. ಅಂದರೆ ಸದ್ದು ರಾಜಮಾರ್ಗ ಬಿಟ್ಟು ಯಾವುದೋ ಕಳ್ಳದಾರಿಯಲ್ಲಿ ನುಸುಳುತ್ತಿದೆ.

“ಇಬ್ಬರೂ ಹೋಗಿ ಬನ್ನಿ” ಎಂದು ಮಗಳು ನಮ್ಮನ್ನು ವಯಸ್ಸಾದ ರಿಪೇರಿಯವರೊಬ್ಬರ ಬಳಿಗೆ ಕಳಿಸಿದಳು. ಅವರು ಬಿಡಿಸಿ ಹೇಳಿದರು. ಈ ಬಗೆಯ ಪೆಟ್ಟಿಗೆಯಲ್ಲಿ ಒಂದು ಕಪ್ಪು ಕೊಳವೆಯೊಳಗೆ ಪುಟ್ಟ ನಿಯಾನ್ ದೀಪವಿರುತ್ತದೆ. ಅದರೆದುರಿಗೆ ಬೆಳಕು ಬಿದ್ದಾಗ ವಿದ್ಯುತ್ತಿಗೆ ದಾರಿ ಬಿಡುವ ಒಂದು ಬಿಲ್ಲೆ. ದೀಪ ಹೊತ್ತಿದಾಗ ದನಿ ಅತ್ತ ಸೋರಿ ತಗ್ಗುತ್ತದೆ, ಆರಿದಾಗ ಏರುತ್ತದೆ. ನಿಯಾನ್ ಮೆಲ್ಲಗೆ ಹೊತ್ತುವ ಜಾತಿಯದಲ್ಲ, ಥಟ್ಟನೆ ಹೊತ್ತುತ್ತದೆ. ಆ ಹೊಡೆತ ಪಕ್ಕದಲ್ಲಿರುವ ದನಿಯ ತಂತಿಗೆ ಮುಟ್ಟದೆಯೇ ದಾಟಿತೆಂದರೆ ಟಿಕ್.

ಇದು ಮನೆಯಲ್ಲಿ ಬಿಚ್ಚಿ ನೋಡುವ ಸಾಮಾನಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ 400 ವೋಲ್ಟಿನಷ್ಟು ಉಳಿದಿರಬಹುದು. ಅವರು ಪೆಟ್ಟಿಗೆ ಹಚ್ಚಿ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಚೀನೀಯರು ಊಟಕ್ಕೆ ಬಳಸುವ ಮರದ ಕಡ್ಡಿಯಿಂದ ತಂತಿಗಳನ್ನು ಒಂದೊಂದಾಗಿ ಸರಿಸಿದರು. ಒಂದು ಕಡೆ ಟಿಕ್ ಸಣ್ಣಗಾಯಿತು. “ಅದೇ!” ಎಂದೆ. ಹಿಂದಿನ ಯಾವುದೋ ರಿಪೇರಿಯಲ್ಲಿ ದೀಪದ ತಂತಿ ದನಿಯ ತಂತಿಯ ಮೈಮೇಲೆ ಬಿದ್ದಿತ್ತು. ಆರಿಸಿ, ಉಳಿದ ವಿದ್ಯುತ್ತನ್ನು ಇಳಿಸಿ, ಮೀಟರು ಹಿಡಿದು ನೋಡಿದ ಮೇಲೆ ಎರಡನ್ನೂ ದೂರ ಮಾಡಿ ಬೆಸೆದರು. ಉಳಿದ ಚೂರು ಸದ್ದಿಗೆ ಒಂದು ಪುಟ್ಟ ಕೆಪಾಸಿಟರ್ ಹಾಕಿದರು. ವಾಲ್ವು, ಸ್ಪೀಕರು ಒಂದನ್ನೂ ಬದಲಿಸಲಿಲ್ಲ.

ಬರುವಾಗ ಕಾರಿನಲ್ಲಿ ಅಳಿಯ ಕೇಳಿದ: “ಅಮ್ಮ, ನಿಮ್ಮ ವೀಣೆಯಲ್ಲೂ ಈ ನಡುಕ ಇದೆಯಾ?”

ಇದೆ, ಆದರೆ ಬೇರೆ. ನಮ್ಮ ಕಂಪಿತದಲ್ಲಿ ಸ್ವರವೇ ಓಲಾಡುತ್ತದೆ. ಗಾಂಧಾರ ಅಲುಗದಿದ್ದರೆ ಅದು ತೋಡಿಯೇ ಅಲ್ಲ. ಟ್ರೆಮೊಲೊದಲ್ಲಿ ಸ್ವರ ನಿಂತಲ್ಲೇ ನಿಂತು ದನಿ ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಹೀಗೆಂದಾಗ ಅವನು ನಕ್ಕ. 1954ರ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಸ್ವರವನ್ನು ಓಲಾಡಿಸುವ ಹಿಡಿಗೇ ‘ಟ್ರೆಮೊಲೊ’ ಎಂದು ಹೆಸರಿಟ್ಟರಂತೆ. ಆ ತಪ್ಪು ಹೆಸರು ಇಂದಿಗೂ ನಿಂತಿದೆ. ಮನೆ ಸೇರುವವರೆಗೂ ನಮ್ಮ ಮಾತು ನಿಲ್ಲಲಿಲ್ಲ. ಕಾಫಿ, ಚಳಿ ಎರಡೂ ಅದರಲ್ಲಿ ಬರಲಿಲ್ಲ.

ಪೆಟ್ಟಿಗೆಯಲ್ಲಿ ಈಗಲೂ ವಾಲ್ವಿನ ಸಣ್ಣದೊಂದು ಗುಂಯ್ ಇದೆ. ಅದನ್ನೂ ತೆಗೆಸಬಹುದೇನೋ ಎಂದರೆ ಅಳಿಯ ಬೇಡವೆಂದ. ಅಪ್ಪ ನುಡಿಸಲು ಕೂರುವ ಮೊದಲು, ಬಾಗಿಲ ಹೊರಗೆ ನಿಂತ ಹುಡುಗನಿಗೆ ಮೊದಲು ಕೇಳಿಸುತ್ತಿದ್ದುದು ಅದೇ ಅಂತೆ.